ತಿರುವಿಗೆ ಇಳಿಯುವಾಗ ಮೂತಿ ಹೋಗುವುದಿಲ್ಲ, ಹೊರಬರುವಾಗ ಹಿಂಬದಿ ನಿಲ್ಲುವುದಿಲ್ಲ: 1/10 ಟೂರಿಂಗ್ ಕಾರಿಗೆ ಸಲಹೆ ಬೇಕು

ಕೆಂಧೂಳು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ರಿಮೋಟಿನಿಂದ ನಿಯಂತ್ರಿಸುವ, ಬೆಲ್ಟಿನಿಂದ ನಾಲ್ಕೂ ಚಕ್ರಗಳನ್ನು ಓಡಿಸುವ 1/10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರು. 17.5 ಟರ್ನ್ (ತಂತಿಯ ಸುತ್ತು; ಅಂಕಿ ಕಡಿಮೆಯಿದ್ದಷ್ಟೂ ಬಲ ಹೆಚ್ಚು) ಬ್ರಶ್‌ಲೆಸ್ ಮೋಟಾರು, ಎರಡು ಸೆಲ್ಲಿನ ಲಿಪೋ ಬ್ಯಾಟರಿ, ಮುಂದೆ ಎಡಬಲ ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಸ್ಪೂಲ್, ಹಿಂದೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಸಿಲಿಕೋನ್ ಎಣ್ಣೆ ತುಂಬಿದ ಗೇರ್ ಡಿಫರೆನ್ಷಿಯಲ್ ಇದೆ. ಬೆಂಗಳೂರಿನ ಹೊರವಲಯದಲ್ಲಿ, ಭಾನುವಾರಗಳಂದು ಖಾಲಿ ಇರುವ ಒಂದು ಡಾಂಬರು ಪಾರ್ಕಿಂಗ್ ಆವರಣದಲ್ಲಿ ಪೈಪುಗಳನ್ನು ಜೋಡಿಸಿ ಟ್ರ್ಯಾಕ್ ಮಾಡಿಕೊಂಡು ನಾವು ಕೆಲವರು ಓಡಿಸುತ್ತೇವೆ. ನೆಲ ಒರಟು, ಅಲ್ಲಲ್ಲಿ ತೇಪೆ ಹಾಕಿದ್ದಾರೆ, ಪಕ್ಕದ ಖಾಲಿ ಸೈಟಿನಿಂದ ಕೆಂಪು ಮಣ್ಣಿನ ಧೂಳು ಸದಾ ಬರುತ್ತಿರುತ್ತದೆ.

ಸಮಸ್ಯೆ ಹೀಗಿದೆ. ಥ್ರಾಟಲ್ ಬಿಟ್ಟು ತಿರುವಿಗೆ ಇಳಿಸುವಾಗ ಮೂತಿ ಒಳಗೆ ಹೋಗದೆ ನೇರವಾಗಿ ಜಾರುತ್ತದೆ. ತಿರುವಿನ ನಡುವೆ ಕಾರು ಸರಿಯಾಗಿಯೇ ಇರುತ್ತದೆ. ಮತ್ತೆ ಥ್ರಾಟಲ್ ಕೊಟ್ಟು ಹೊರಬರುವಾಗ ಹಿಂಬದಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾರುತ್ತದೆ, ಅದರಲ್ಲೂ ಬಲ ತಿರುವುಗಳಲ್ಲಿ ಹೆಚ್ಚು, ಎಡಕ್ಕೆ ತಿರುಗುವಾಗ ಕಡಿಮೆ.

ಈಗಿನ ಹೊಂದಾಣಿಕೆ: ಷಾಸಿಯ ಎತ್ತರ ಮುಂದೆ ಹಿಂದೆ ಎರಡೂ ಕಡೆ 5.5 ಮಿ.ಮೀ.; ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿದ ಕೋನ, ಮೈನಸ್ ಎಂದರೆ ಒಳಕ್ಕೆ) ಮುಂದೆ ಮೈನಸ್ 1.5 ಡಿಗ್ರಿ, ಹಿಂದೆ ಮೈನಸ್ 2. ಹಿಂದೆ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಕೋನ) 3 ಡಿಗ್ರಿ, ಮುಂದೆ ಸೊನ್ನೆ. ಮುಂದಿನ ಸ್ಪ್ರಿಂಗ್ 2.8, ಹಿಂದಿನದು 2.6 (ಅಂಕಿ ಹೆಚ್ಚಿದ್ದಷ್ಟೂ ಗಡುಸು); ಆಂಟಿ-ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳು) ಮುಂದೆ 1.3, ಹಿಂದೆ 1.3 ಮಿ.ಮೀ.; ಡ್ರೂಪ್ (ಕಾರು ಮೇಲೆದ್ದಾಗ ಚಕ್ರ ಎಷ್ಟು ಕೆಳಗಿಳಿಯಬಲ್ಲದು ಎಂಬ ಅಳತೆ) ಮುಂದೆ 1.5, ಹಿಂದೆ 2 ಮಿ.ಮೀ.; ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ 40 ವೇಟ್; ಡಿಫರೆನ್ಷಿಯಲ್ಲಿಗೆ 7000 ಸೆಂಟಿಸ್ಟೋಕ್ (ಎರಡೂ ಎಣ್ಣೆಯ ದಪ್ಪದ ಅಳತೆಗಳು); ಟೈರು 36 ಸಂಖ್ಯೆಯ ರಬ್ಬರು (ಸಂಖ್ಯೆ ಹೆಚ್ಚಿದ್ದಷ್ಟೂ ಬಿಸಿ ನೆಲಕ್ಕೆ).

ಜೊತೆಯವರೊಬ್ಬರು ಮುಂದಿನ ಸ್ಪ್ರಿಂಗ್ ಮೃದು ಮಾಡು ಎನ್ನುತ್ತಾರೆ, ಇನ್ನೊಬ್ಬರು ಹಿಂದಿನದನ್ನು ಮೃದು ಮಾಡು ಎನ್ನುತ್ತಾರೆ. ಮೊದಲನೆಯದನ್ನು ಮಾಡಿದರೆ ಹಿಂಬದಿ ಇನ್ನೂ ಕೆಡುತ್ತದೆ, ಎರಡನೆಯದನ್ನು ಮಾಡಿದರೆ ಮೂತಿ ಇನ್ನೂ ಜಾರುತ್ತದೆ. ಒಂದೇ ಕಾರಿನಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ದೋಷಗಳಿದ್ದರೆ ಯಾವ ತುದಿಯಿಂದ ಆರಂಭಿಸಬೇಕು?

ಶಿಮ್ ಡಬ್ಬಿ:

ಸ್ಪ್ರಿಂಗಿನ ಮಾತು ಆಮೇಲೆ. ಬಲಕ್ಕೆ ಒಂದು ರೀತಿ, ಎಡಕ್ಕೆ ಇನ್ನೊಂದು ರೀತಿ ವರ್ತಿಸುವ ಕಾರಿಗೆ ಹೊಂದಾಣಿಕೆ ಮಾಡುವುದೆಂದರೆ ಒಂದು ಕಾಲು ಗಿಡ್ಡವಾದ ಮಂಚಕ್ಕೆ ಹೊಸ ಹಾಸಿಗೆ ಹಾಕಿದಂತೆ. ನೀವು ಕೊಟ್ಟಿರುವ ಅಂಕಿಗಳಲ್ಲಿ ಎಡಬಲದ ಭೇದ ಒಂದೂ ಇಲ್ಲ, ಆದರೂ ಕಾರು ಭೇದ ತೋರಿಸುತ್ತಿದೆ. ಅಂದರೆ ಷಾಸಿಯಲ್ಲಿ ತಿರುಚು, ನಮ್ಮ ಮಾತಿನಲ್ಲಿ ಟ್ವೀಕ್, ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷಿಸಲು ದಪ್ಪನೆಯ ಗಾಜಿನ ಹಲಗೆಯೋ ಗ್ರಾನೈಟ್ ತುಂಡೋ ಸಾಕು. ನಮ್ಮೂರಿನಲ್ಲಿ ಗ್ರಾನೈಟಿಗೇನೂ ಬರವಿಲ್ಲ. ಬ್ಯಾಟರಿಯನ್ನೂ ಸೇರಿಸಿ ಎಲ್ಲವನ್ನೂ ಅಳವಡಿಸಿ, ಬಾಡಿಯನ್ನು ಮಾತ್ರ ತೆಗೆದು, ಎರಡೂ ಆಂಟಿ-ರೋಲ್ ಬಾರುಗಳ ಕೊಂಡಿಗಳನ್ನು ಬಿಚ್ಚಿಡಿ. ಕಾರನ್ನು ಹಲಗೆಯ ಮೇಲಿಟ್ಟು ಕೆಲವು ಸಲ ಮೇಲಿನಿಂದ ಒತ್ತಿ ಬಿಟ್ಟು ನೆಲೆಗೊಳಿಸಿ, ಷಾಸಿಯ ಹಿಂದಿನ ಅಂಚಿನ ನಟ್ಟನಡುವೆ ಚಾಕುವಿನ ತುದಿಯನ್ನಿಟ್ಟು ನಿಧಾನವಾಗಿ ಎತ್ತಿ. ಎರಡು ಹಿಂಚಕ್ರಗಳೂ ಒಂದೇ ಕ್ಷಣದಲ್ಲಿ ನೆಲ ಬಿಡಬೇಕು. ಮೊದಲು ಏಳುವ ಚಕ್ರದ ಮೇಲೆ ಭಾರ ಕಡಿಮೆ ಇದೆ ಎಂದರ್ಥ. ನಿಮ್ಮ ಕಾರಿನಲ್ಲಿ ಬಲಗಡೆಯ ಹಿಂಚಕ್ರ ಮೊದಲು ಎದ್ದೀತು ಎಂಬುದು ನನ್ನ ಊಹೆ. ಹಾಗಿದ್ದಲ್ಲಿ ಬಲ ಮುಂಚಕ್ರ ಮತ್ತು ಎಡ ಹಿಂಚಕ್ರಗಳ ಕರ್ಣದ ಮೇಲೆ ಭಾರ ಹೆಚ್ಚಾಗಿ ಕೂತಿರುತ್ತದೆ. ಬಲಕ್ಕೆ ತಿರುಗುವಾಗ ಹಿಂಬದಿ ಹಗುರವಾಗುವುದಕ್ಕೂ ಎಡಕ್ಕೆ ತಿರುಗುವಾಗ ಅಷ್ಟು ಹಾರದೆ ಇರುವುದಕ್ಕೂ ಇದೊಂದೇ ಕಾರಣ ಸಾಕಾಗುತ್ತದೆ.

ತಿರುಚು ಸಾಮಾನ್ಯವಾಗಿ ಷಾಸಿಯ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ, ಅಂದರೆ ಮೇಲಿನ ಡೆಕ್‌ನಿಂದ ಬರುತ್ತದೆ. ಅದರ ಸ್ಕ್ರೂಗಳನ್ನೆಲ್ಲ ಅರ್ಧ ಸುತ್ತು ಸಡಿಲಿಸಿ, ಷಾಸಿಯನ್ನು ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಹಿಡಿದು, ನಡುವಿನಿಂದ ಹೊರಕ್ಕೆ ಅಡ್ಡಡ್ಡವಾಗಿ ಬಿಗಿಯುತ್ತಾ ಬನ್ನಿ. ಅಷ್ಟಾದರೂ ಸರಿಹೋಗದಿದ್ದರೆ ಶಾಕ್‌ಗಳನ್ನು ಬಿಚ್ಚಿ, ನಾಲ್ಕರ ಉದ್ದವನ್ನೂ ಕ್ಯಾಲಿಪರ್‌ನಲ್ಲಿ ಅಳೆದು, ಎಡಬಲದ ಜೋಡಿಗಳನ್ನು ಜೊತೆಯಾಗಿ ಒತ್ತಿ ಬಿಟ್ಟು ಎರಡೂ ಒಂದೇ ವೇಗದಲ್ಲಿ ಮರಳಿ ಬರುತ್ತವೆಯೇ ನೋಡಿ. ಕೊನೆಯಲ್ಲಿ ಬಾರ್ ಕೊಂಡಿಗಳನ್ನು ಮತ್ತೆ ಹಾಕಿ ಅದೇ ಚಾಕುವಿನ ಪರೀಕ್ಷೆ ಮಾಡಿ. ಕೊಂಡಿಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಸರಿಪಡಿಸಿದ ತಿರುಚು ಬಾರಿನ ಮೂಲಕ ಹಿಂದಿರುಗುತ್ತದೆ.

ಜೊತೆಗೆ ರಿಮೋಟಿನಲ್ಲಿ ಸ್ಟಿಯರಿಂಗಿನ ಕೊನೆಯ ಮಿತಿ ಎರಡೂ ಕಡೆಗೆ ಸಮವಾಗಿದೆಯೇ ಎಂಬುದನ್ನು ಚಕ್ರದ ಕೋನ ಅಳೆದು ನೋಡಿ. ತೆರೆಯ ಮೇಲಿನ ಶೇಕಡಾ ಅಂಕಿಯನ್ನು ನಂಬಬೇಡಿ.

ಹದಿಮೂರೂವರೆ:

ಮೇಲಿನವರು ಹೇಳಿದ್ದನ್ನು ಮೊದಲು ಮುಗಿಸಿ. ಎಡಬಲ ಸಮವಾದ ಮೇಲೂ ಮೂತಿ ಜಾರುವುದು ಮತ್ತು ಹಿಂಬದಿ ಹಾರುವುದು ಸ್ವಲ್ಪ ಉಳಿದೇ ಇರುತ್ತವೆ ಎಂದು ನನಗನ್ನಿಸುತ್ತದೆ, ಏಕೆಂದರೆ ನಿಮ್ಮ ಅಂಕಿಗಳಲ್ಲೇ ಅದಕ್ಕೆ ಕಾರಣವಿದೆ.

ನೀವು ಇವುಗಳನ್ನು ಒಂದಕ್ಕೊಂದು ವಿರುದ್ಧವಾದ ದೋಷಗಳು ಎಂದಿದ್ದೀರಿ. ಮುಂದು ಹಿಂದು ಎಂದು ಲೆಕ್ಕ ಹಾಕಿದರೆ ಹಾಗೆ ಕಾಣುತ್ತದೆ. ಆದರೆ ಕಾರು ಕೆಡುತ್ತಿರುವುದು ಎರಡು ಬೇರೆ ಬೇರೆ ಗಳಿಗೆಗಳಲ್ಲಿ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ ಸೇರಿ ತೀರ್ಮಾನಿಸುತ್ತವೆ. ಆ ಮೊತ್ತದಲ್ಲಿ ಮುಂದಿನ ತುದಿ ಎಷ್ಟು ಹೊರಬೇಕು, ಹಿಂದಿನ ತುದಿ ಎಷ್ಟು ಹೊರಬೇಕು ಎಂಬ ಪಾಲನ್ನು ಹಂಚುವುದು ಸ್ಪ್ರಿಂಗು ಮತ್ತು ಬಾರುಗಳ ಕೆಲಸ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಹೆಚ್ಚು ಪಾಲು ಹೊತ್ತ ತುದಿ, ಅಂದರೆ ಗಡುಸಾದ ತುದಿ, ಮೊದಲು ಜಾರುತ್ತದೆ. ಈ ಹಂಚಿಕೆ ತಿರುವಿಗೆ ಇಳಿದ ಕ್ಷಣದಿಂದ ಹೊರಬರುವವರೆಗೂ ಜಾರಿಯಲ್ಲಿರುತ್ತದೆ. ಮುಂದಿನ ಸ್ಪ್ರಿಂಗ್ ಮೃದು ಮಾಡಿದಾಗ ಇಳಿಯುವಾಗ ಸಿಕ್ಕ ಲಾಭದ ಬೆಲೆಯನ್ನು ಹೊರಬರುವಾಗ ತೆತ್ತಿದ್ದೀರಿ. ಇನ್ನೊಬ್ಬರ ಸಲಹೆಯಲ್ಲಿ ಅದೇ ವ್ಯಾಪಾರ ತಿರುಗುಮುರುಗಾಗಿದೆ. ನಡುವಿನಲ್ಲಿ ಕಾರು ಸರಿಯಿದೆ ಎಂದು ನೀವೇ ಬರೆದಿದ್ದೀರಿ; ಅಂದರೆ ಹಂಚಿಕೆ ಸರಿಯಾಗಿಯೇ ಇದೆ, ಸ್ಪ್ರಿಂಗ್ ಮತ್ತು ಬಾರ್ ಮುಟ್ಟಬೇಡಿ.

ಒಂದು ಗಳಿಗೆಯಲ್ಲಿ ಮಾತ್ರ ಕೆಲಸ ಮಾಡುವ ಹೊಂದಾಣಿಕೆಗಳು ನಿಮಗೆ ಬೇಕು. ಅವುಗಳಲ್ಲಿ ಮೊದಲನೆಯದು ಹಿಂದಿನ ಡಿಫರೆನ್ಷಿಯಲ್ ಎಣ್ಣೆ. 7000 ನಿಮ್ಮ ಜಾರುವ ನೆಲಕ್ಕೆ ದಪ್ಪವಾಯಿತು. ದಪ್ಪ ಎಣ್ಣೆಯಿದ್ದಾಗ ಎರಡು ಹಿಂಚಕ್ರಗಳೂ ಒಂದೇ ವೇಗದಲ್ಲಿ ತಿರುಗಲು ಹಟ ಹಿಡಿಯುತ್ತವೆ. ಥ್ರಾಟಲ್ ಬಿಟ್ಟು ತಿರುವಿಗೆ ಇಳಿಯುವಾಗ ಆ ಹಟ ಕಾರನ್ನು ನೇರಕ್ಕೆ ತಳ್ಳುತ್ತದೆ. ಥ್ರಾಟಲ್ ಕೊಟ್ಟಾಗ ಒಳಚಕ್ರದ ಜೊತೆ ಹೊರಚಕ್ರವೂ ಒಟ್ಟಿಗೆ ಹಿಡಿತ ಬಿಡುವುದರಿಂದ ಹಿಂಬದಿ ಮುನ್ಸೂಚನೆಯಿಲ್ಲದೆ ಹಾರುತ್ತದೆ. ನಿಮ್ಮ ಎರಡೂ ದೂರುಗಳಿಗೆ ಒಂದೇ ಮೂಲ ಇರುವುದು ಹೀಗೆ. 4000ಕ್ಕೆ ಇಳಿಸಿ ನೋಡಿ.

ಎರಡನೆಯದು ಡ್ರೂಪ್. ಥ್ರಾಟಲ್ ಕೊಟ್ಟಾಗ ಭಾರ ಹಿಂದಕ್ಕೆ ವಾಲಬೇಕಾದರೆ ಮೂತಿ ಮೇಲೇಳಬೇಕು, ಅದು ಎಷ್ಟು ಏಳಬಹುದು ಎಂಬುದಕ್ಕೆ ಕಡಿವಾಣ ಹಾಕುವುದು ಮುಂದಿನ ಡ್ರೂಪ್. ಅದನ್ನು 1.5ರಿಂದ 2 ಮಿ.ಮೀ.ಗೆ ಹೆಚ್ಚಿಸಿದರೆ ಹೊರಬರುವಾಗ ಹಿಂಚಕ್ರಗಳ ಮೇಲೆ ಭಾರ ಚೆನ್ನಾಗಿ ಕೂರುತ್ತದೆ. ಅದೇ ರೀತಿ ಥ್ರಾಟಲ್ ಬಿಟ್ಟಾಗ ಭಾರ ಮುಂದಕ್ಕೆ ಬರಲು ಹಿಂಬದಿ ಏಳಬೇಕು. ಹಿಂದಿನ ಡ್ರೂಪನ್ನು 2.5ಕ್ಕೆ ಕೊಂಡೊಯ್ದರೆ ಮೂತಿಗೆ ಕಚ್ಚು ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಮುಂದಿನದನ್ನು ಮಾಡಿ ಓಡಿಸಿ ಆಮೇಲೆ ಹಿಂದಿನದು. ಹಾಗೆಯೇ ಡ್ರೂಪ್ ಗೇಜಿನ ಅಂಕಿ ಉಲ್ಟಾ ಎಂಬುದು ನೆನಪಿರಲಿ, ಗೇಜಿನಲ್ಲಿ ಅಂಕಿ ಹೆಚ್ಚಿದ್ದಷ್ಟೂ ಚಕ್ರವನ್ನು ಹಿಡಿದ ತೋಳು ಕೆಳಗಿಳಿಯುವುದು ಕಡಿಮೆ. ತಾವು ಹೆಚ್ಚಿಸಿದೆವು ಎಂದುಕೊಂಡು ಕಡಿಮೆ ಮಾಡಿ ಹೊಂದಾಣಿಕೆಯನ್ನೇ ಬೈಯುವವರು ಬಹಳ.

ಇಷ್ಟಾದ ಮೇಲೂ ಮೂತಿ ಮೊಂಡಾಗಿದ್ದರೆ ಸ್ಪೀಡ್ ಕಂಟ್ರೋಲರಿನಲ್ಲಿ ಡ್ರ್ಯಾಗ್ ಬ್ರೇಕನ್ನು (ಥ್ರಾಟಲ್ ಬಿಟ್ಟಾಗ ತಾನಾಗಿಯೇ ಬೀಳುವ ಸಣ್ಣ ಬ್ರೇಕು) ಶೇಕಡಾ 5ರಷ್ಟು ಕೊಡಿ. ಸ್ಪ್ಯಾನರ್ ಮುಟ್ಟದೆ ಮಾಡಬಹುದಾದ ಹೊಂದಾಣಿಕೆಗಳಲ್ಲಿ ಇಷ್ಟು ಪರಿಣಾಮ ತೋರುವುದು ಇನ್ನೊಂದಿಲ್ಲ, ಆದರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಸ ಸವಾರ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಮಾಡುವ ಬದಲು ಗೈರೋ ಇರುವ ರಿಸೀವರ್ ಹಾಕಿದರೆ ಹಿಂಬದಿ ತಾನಾಗಿಯೇ ನಿಲ್ಲುವುದಿಲ್ಲವೇ? ಬೇಕೆಂದೇ ಪಕ್ಕಕ್ಕೆ ಜಾರಿಸಿ ಓಡಿಸುವ ಡ್ರಿಫ್ಟ್ ಕಾರಿನವರು ಅದನ್ನೇ ಬಳಸುತ್ತಾರೆ.

ಶಿಮ್ ಡಬ್ಬಿ:

ಹಿಂದಿನ ಚಕ್ರಗಳಿಂದಷ್ಟೇ ಓಡುವ ಡ್ರಿಫ್ಟ್ ಕಾರಿಗೆ ಗೈರೋ ಅನಿವಾರ್ಯ. ಟೂರಿಂಗ್ ಕಾರಿನ ಸ್ಪರ್ಧೆಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ನಿಯಮದ ಮಾತು ಹಾಗಿರಲಿ, ಹಿಂಬದಿ ಜಾರಿದ ಮೇಲೆ ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸುವುದಷ್ಟೇ ಗೈರೋದ ಕೆಲಸ. ಜಾರಿದ್ದರಿಂದ ಕಳೆದುಹೋದ ವೇಗ ಹೋದದ್ದೇ.

ಹಳೇ ಡ್ಯಾಂಪರ್:

ಹದಿಮೂರೂವರೆಯವರ ವಿವರಣೆಯನ್ನು ಒಪ್ಪುತ್ತೇನೆ, ಅವರ ಕ್ರಮವನ್ನಲ್ಲ. ಡಿಫರೆನ್ಷಿಯಲ್ ಬಿಚ್ಚಿ ಎಣ್ಣೆ ಬದಲಿಸುವುದು ಟ್ರ್ಯಾಕಿನ ಪಕ್ಕದಲ್ಲಿ ಮಾಡುವ ಕೆಲಸವಲ್ಲ, ಮತ್ತು 4000ಕ್ಕೆ ಇಳಿಸಿದರೆ ಒರಟು ನೆಲದಲ್ಲಿ ಒಳಚಕ್ರ ಹಗುರವಾದಾಗಲೆಲ್ಲ ಶಕ್ತಿಯೆಲ್ಲ ಅದರ ಮೂಲಕ ಪೋಲಾಗುತ್ತದೆ. ತೇಪೆ ಹಾಕಿದ ಡಾಂಬರಿನಲ್ಲಿ ನಾನು ಮೊದಲು ನೋಡುವುದು ಟೈರು, ಆಮೇಲೆ ಶಾಕ್.

ಒಂದು ಓಟ ಮುಗಿದ ಕೂಡಲೇ ಕಾರನ್ನು ತಿರುಗಿಸಿ ಹಿಂದಿನ ಟೈರುಗಳ ಮೈ ನೋಡಿ. ಅಗಲದುದ್ದಕ್ಕೂ ಒಂದೇ ರೀತಿಯ ಕಪ್ಪು, ಸಣ್ಣ ಅಕ್ಕಿನುಚ್ಚಿನಂಥ ಒರಟು ಕಾಣಿಸಿದರೆ ಟೈರು ಪೂರ್ತಿ ದುಡಿಯುತ್ತಿದೆ. ಒಳ ಅಂಚು ಮಾತ್ರ ಒರಟಾಗಿ ಹೊರ ಅರ್ಧ ಮಿರುಗುತ್ತಿದ್ದರೆ ಮೈನಸ್ 2 ಡಿಗ್ರಿ ಕ್ಯಾಂಬರ್ ಹೆಚ್ಚಾಯಿತು, ಅರ್ಧ ಡಿಗ್ರಿ ಕಡಿಮೆ ಮಾಡಿ. ಇಡೀ ಮೈ ಮೇಲೆ ಕೆಂಪು ಬಣ್ಣದ ತೆಳು ಪದರ ಕೂತಿದ್ದರೆ ಯಾವ ಹೊಂದಾಣಿಕೆಯೂ ಉಪಯೋಗಕ್ಕೆ ಬಾರದು. ಟೈರು ನೆಲವನ್ನು ಮುಟ್ಟುತ್ತಲೇ ಇಲ್ಲ, ಧೂಳಿನ ಮೇಲೆ ತೇಲುತ್ತಿದೆ. ಹಿಡಿತಕ್ಕೆಂದು ಟೈರಿಗೆ ಹಚ್ಚುವ ಅಡಿಟಿವ್ ದ್ರವವನ್ನು ಪೂರ್ತಿ ಒರೆಸಿ ಒಣಗಿಸದೆ ಕಾರನ್ನು ಟ್ರ್ಯಾಕಿಗೆ ಇಳಿಸಿದರೆ ಈ ಪದರ ಇನ್ನೂ ಬೇಗ ಕಟ್ಟುತ್ತದೆ. ತಿರುವುಗಳ ಓಟದ ಗೆರೆಯನ್ನಾದರೂ ಬೆಳಿಗ್ಗೆ ಪೊರಕೆಯಿಂದ ಗುಡಿಸಿಕೊಳ್ಳಿ.

ಇನ್ನು ಶಾಕ್ ಎಣ್ಣೆ. ವೇಟ್ ಎಂಬ ಅಂಕಿಯನ್ನು ಪ್ರತಿಯೊಬ್ಬ ತಯಾರಕರೂ ತಮಗೆ ತೋಚಿದಂತೆ ಬಳಸುತ್ತಾರೆ. ಟೀಮ್ ಅಸೋಸಿಯೇಟೆಡ್‌ನವರ 30 ವೇಟ್ ಎಂದರೆ 350 ಸೆಂಟಿಸ್ಟೋಕ್, ಲೋಸಿಯವರದು 338. ಅಸೋಸಿಯೇಟೆಡ್‌ನವರ 35 ಎಂದರೆ 425, 40 ಎಂದರೆ 500. ನಿಮ್ಮ 40 ಯಾರದೆಂದು ನೀವು ಬರೆದಿಲ್ಲ. ಅದು 500ರ ಆಸುಪಾಸಿನದಾದರೆ ನಿಮ್ಮ ನೆಲಕ್ಕೆ ಗಟ್ಟಿಯಾಯಿತು. ತೇಪೆಯ ಅಂಚು ಸಿಕ್ಕಾಗ ಚಕ್ರ ಅದನ್ನು ನುಂಗುವ ಬದಲು ನೆಲ ಬಿಟ್ಟು ಪುಟಿಯುತ್ತದೆ. ಹೊರಬರುವ ಜಾಗದಲ್ಲಿ ತೇಪೆಯಿದ್ದರೆ ಹಿಂಬದಿ ಹಾರುವುದಕ್ಕೆ ಅದೇ ಕಾರಣವೂ ಇರಬಹುದು. 400ಕ್ಕೆ ಇಳಿಸಿ.

ಹದಿಮೂರೂವರೆ:

ಒಳಚಕ್ರದಲ್ಲಿ ಶಕ್ತಿ ಪೋಲಾಗುವ ಮಾತು 13.5 ಅಥವಾ ಅದಕ್ಕಿಂತ ಬಲವಾದ ಮೋಟಾರಿಗೆ ಸರಿ. 17.5 ಮೋಟಾರಿಗೆ ಟೈಮಿಂಗ್ ಬೂಸ್ಟ್ (ಸ್ಪೀಡ್ ಕಂಟ್ರೋಲರಿನಿಂದ ಮೋಟಾರಿನ ವೇಗ ಹೆಚ್ಚಿಸುವ ಹೊಂದಾಣಿಕೆ) ಇಲ್ಲದಿದ್ದರೆ, ಮೇಲಾಗಿ ಮುಂದಿನ ಸ್ಪೂಲ್ ಎಳೆಯುತ್ತಿರುವಾಗ, ಹಿಂದಿನ ಒಂದು ಚಕ್ರ ಸ್ವಲ್ಪ ಹೊತ್ತು ಸುಮ್ಮನೆ ತಿರುಗಿದರೆ ನಷ್ಟವಾಗುವುದು ತೀರಾ ಕಡಿಮೆ. ಟೈರಿನ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ, ಅದೇ ಮೊದಲಾಗಲಿ. ಶಾಕ್ ಮತ್ತು ಡಿಫರೆನ್ಷಿಯಲ್ಲಿನಲ್ಲಿ ಯಾವುದು ಮುಂಚೆ ಎಂಬುದನ್ನು ತೇಪೆ ಎಲ್ಲಿದೆ ಎಂಬುದು ನಿರ್ಧರಿಸಲಿ: ತೇಪೆಯೇ ಇಲ್ಲದ ತಿರುವಿನಲ್ಲೂ ಹಿಂಬದಿ ಹಾರುತ್ತಿದ್ದರೆ ಡಿಫರೆನ್ಷಿಯಲ್.

ಕೆಂಧೂಳು:

ಎಲ್ಲರಿಗೂ ಧನ್ಯವಾದಗಳು. ಶಿಮ್ ಡಬ್ಬಿಯವರ ಊಹೆ ನಿಜವಾಯಿತು, ಬಲಗಡೆಯ ಹಿಂಚಕ್ರವೇ ಮೊದಲು ಎದ್ದಿತು. ಮೇಲಿನ ಡೆಕ್ ಸ್ಕ್ರೂಗಳನ್ನು ಸಡಿಲಿಸಿ ಬಿಗಿದಾಗ ಬಹುಪಾಲು ಸರಿಹೋಯಿತು. ಬಾರ್ ಕೊಂಡಿಗಳನ್ನು ಹಾಕಿದ ಕೂಡಲೇ ಮತ್ತೆ ಸ್ವಲ್ಪ ವ್ಯತ್ಯಾಸ ಬಂದದ್ದರಿಂದ ಹಿಂದಿನ ಎರಡು ಕೊಂಡಿಗಳನ್ನೂ ಅಳೆದು ಸಮ ಮಾಡಿದೆ. ಈಗ ಎಡಕ್ಕೂ ಬಲಕ್ಕೂ ಕಾರು ಒಂದೇ ರೀತಿ ವರ್ತಿಸುತ್ತಿದೆ. ಸ್ಟಿಯರಿಂಗಿನ ಕೋನ ಎರಡೂ ಕಡೆಗೆ ಸರಿಯಾಗಿಯೇ ಇತ್ತು.

ಆವರಣದಲ್ಲಿ ತೇಪೆಗಳಿದ್ದರೂ ಕಾರು ಓಡುವ ಗೆರೆಯ ಮೇಲೆ ತೇಪೆಯಿರುವುದು ನೇರ ಹಾದಿಯ ಕೊನೆಯಲ್ಲಿ ಮಾತ್ರ. ಹಿಂಬದಿ ಹಾರುತ್ತಿದ್ದುದು ಪೂರ್ತಿ ಹಿಂದಕ್ಕೆ ತಿರುಗಿಸುವ ಒಳಗಿನ ತಿರುವು, ಅಂದರೆ ಹೇರ್‌ಪಿನ್ನಿನಿಂದ ಹೊರಬರುವಾಗ, ಅಲ್ಲಿ ನೆಲ ನುಣುಪಾಗಿದೆ. ಹಾಗಾಗಿ ಮನೆಯಲ್ಲೇ ಡಿಫರೆನ್ಷಿಯಲ್ ಬಿಚ್ಚಿ 4000 ತುಂಬಿಕೊಂಡು ಹೋದೆ. ಕಾರಿನ ಸ್ವಭಾವವೇ ಬದಲಾಯಿತು: ಮೂತಿ ಒಳಕ್ಕೆ ಬರುತ್ತದೆ, ಹಿಂಬದಿ ಜಾರಿದರೂ ನಿಧಾನವಾಗಿ, ಹಿಡಿದುಕೊಳ್ಳಲು ಸಮಯ ಕೊಟ್ಟು ಜಾರುತ್ತದೆ. ಅದೇ ಬೆಳಿಗ್ಗೆ ಮುಂದಿನ ಡ್ರೂಪನ್ನು 2 ಮಿ.ಮೀ. ಮಾಡಿದಾಗ ಆ ಉಳಿದ ಜಾರುವಿಕೆಯೂ ಹೋಯಿತು. ಹಿಂದಿನ ಡ್ರೂಪನ್ನು ಮುಟ್ಟಲಿಲ್ಲ, ಡ್ರ್ಯಾಗ್ ಬ್ರೇಕ್ ಶೇಕಡಾ 4 ಕೊಟ್ಟದ್ದೇ ಸಾಕಾಯಿತು. ಶಾಕ್ ಎಣ್ಣೆಯನ್ನು ಇನ್ನೂ ಬದಲಿಸಿಲ್ಲ.

ಈಗ ಉಳಿದಿರುವುದು ಒಂದೇ ಪ್ರಶ್ನೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಐದು ನಿಮಿಷದ ಓಟ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಇರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಮೊದಲ ಎರಡು ಮೂರು ನಿಮಿಷ ಕಾರು ಬೆಳಗಿಗಿಂತಲೂ ಚೆನ್ನಾಗಿ ಕಚ್ಚುತ್ತದೆ, ಆಮೇಲೆ ಹಿಂಬದಿ ನಿಧಾನಕ್ಕೆ ಕೈಬಿಡುತ್ತಾ ಹೋಗುತ್ತದೆ. ಮಧ್ಯಾಹ್ನಕ್ಕೆಂದು ಬೇರೆಯೇ ಸ್ಪ್ರಿಂಗ್ ಇಟ್ಟುಕೊಳ್ಳಬೇಕೇ?

ಹಳೇ ಡ್ಯಾಂಪರ್:

ಸ್ಪ್ರಿಂಗ್ ಬೇಡ. ಓಟದ ಆರಂಭದಲ್ಲಿ ಸರಿಯಿದ್ದು ಕೊನೆಯಲ್ಲಿ ಕೆಡುವ ಕಾರಿನಲ್ಲಿ ಸ್ಪ್ರಿಂಗ್ ಅಷ್ಟೇ ಇದೆ, ಜ್ಯಾಮಿತಿ ಅಷ್ಟೇ ಇದೆ, ಬದಲಾದದ್ದು ತಾಪ. ಶಾಕ್ ಮತ್ತು ಡಿಫರೆನ್ಷಿಯಲ್ಲಿನ ಸಿಲಿಕೋನ್ ಎಣ್ಣೆಯೂ ಕಾದಾಗ ತೆಳುವಾಗುತ್ತದೆ, ಆದರೆ ಐದು ನಿಮಿಷದಲ್ಲಿ ಹಿಂಬದಿ ಇಷ್ಟು ಕೈಬಿಡುವುದಕ್ಕೆ ಟೈರು ಅತಿಯಾಗಿ ಕಾಯುವುದೇ ಮುಖ್ಯ ಕಾರಣ. ಬಿಸಿಲಿಗೆ ಬಿದ್ದ ಕಪ್ಪು ಡಾಂಬರು ಗಾಳಿಗಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ, ಮೊಬೈಲ್ ತೋರಿಸುವ ಹವಾಮಾನದ ಅಂಕಿಯನ್ನು ನೋಡಿ ಟೈರು ಆರಿಸಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ನೆಲಕ್ಕೂ, ಓಟ ಮುಗಿದ ತಕ್ಷಣ ನಾಲ್ಕು ಟೈರುಗಳಿಗೂ ಹಿಡಿದು ಬರೆದುಕೊಳ್ಳಿ. ಹಿಂದಿನವು ಮುಂದಿನವುಗಳಿಗಿಂತ ಸ್ಪಷ್ಟವಾಗಿ ಬಿಸಿಯಿದ್ದರೆ ನಾನು ಹೇಳುತ್ತಿರುವುದು ಖಚಿತ. ಆಗ ಮಧ್ಯಾಹ್ನದ ಓಟಗಳಿಗೆ 36ರ ಬದಲು 40 ಸಂಖ್ಯೆಯ ಟೈರು ಬಳಸಿ. ಮೊದಲ ಎರಡು ಸುತ್ತು ಅದು ಮಂದವಾಗಿರುತ್ತದೆ, ಗಾಬರಿಯಾಗಬೇಡಿ, ಕೊನೆಯ ನಿಮಿಷದಲ್ಲಿ ಅದರ ಬೆಲೆ ತಿಳಿಯುತ್ತದೆ.

ಹಿಂದಿನ ಟೋ-ಇನ್ ಅನ್ನು 3ರಿಂದ 2.5 ಡಿಗ್ರಿಗೆ ಇಳಿಸಿದರೆ ಉಜ್ಜುವಿಕೆ ತಗ್ಗಿ ಟೈರು ತಂಪಾಗಿರುತ್ತದೆ ಎಂದು ಯಾರಾದರೂ ಹೇಳಬಹುದು. ಮಾತು ಸುಳ್ಳಲ್ಲ, ಆದರೆ ಈಗ ತಾನೇ ನೆಲೆಗೊಂಡ ಹಿಂಬದಿಯನ್ನು ನಿಮ್ಮ ಧೂಳಿನ ನೆಲದಲ್ಲಿ ಮತ್ತೆ ಅಲುಗಿಸಿದಂತಾಗುತ್ತದೆ. ಹೊಸ ಟೈರು ತರಿಸುವವರೆಗೆ ಮಾಡಬಹುದಾದ ಕೆಲಸವೆಂದರೆ ಓಟಗಳ ನಡುವೆ ಟೈರುಗಳನ್ನು ಬಿಸಿಲಿನಲ್ಲಿ ಬಿಡದೆ ನೆರಳಿನಲ್ಲಿಡುವುದು, ಮತ್ತು ಮೊದಲ ನಿಮಿಷದಲ್ಲಿ ಹೇರ್‌ಪಿನ್ನಿನಿಂದ ಹೊರಬರುವಾಗ ಥ್ರಾಟಲನ್ನು ಪೂರ್ತಿ ಒತ್ತದಿರುವುದು.

ಹದಿಮೂರೂವರೆ:

ಇದಕ್ಕೆ ನನ್ನ ತಕರಾರಿಲ್ಲ. ಒಂದೇ ಸೇರ್ಪಡೆ: ಅದೇ ಥರ್ಮಾಮೀಟರನ್ನು ಮೋಟಾರಿಗೂ ಹಿಡಿಯಿರಿ. ಬೆಳಗಿನ ತಂಪಿಗೆ ಹೊಂದಿಸಿದ ಗೇರ್ ಅನುಪಾತ ಮಧ್ಯಾಹ್ನಕ್ಕೆ ಭಾರವಾಗಿರಬಹುದು. ಓಟದ ಕೊನೆಯಲ್ಲಿ ಮೋಟಾರು ಕೈ ಇಡಲಾರದಷ್ಟು ಬಿಸಿಯಾಗುತ್ತಿದ್ದರೆ ಮೋಟಾರಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. ಆದರೆ ಅದನ್ನು ಟೈರು ಬದಲಿಸಿದ ಓಟದಲ್ಲೇ ಮಾಡಬೇಡಿ, ಹೇರ್‌ಪಿನ್ನಿನಿಂದ ಹೊರಬರುವಾಗ ಕಂಡ ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.